ನಿಮಗಿದು ಗೊತ್ತೆ? ಮಿಡತೆಯ ಒಡಲಲ್ಲೇ ಬೆಳೆಯುವ ನೊಣ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆ ರಾಗಿ ಹೊಲದ ಬದುವಿನ ಮೇಲೆ ನಡೆದರೆ ಮಿಡತೆಗಳು ಚಂಗನೆ ಹಾರುತ್ತವೆ. ಹಕ್ಕಿ, ಓತಿಕ್ಯಾತಗಳಷ್ಟೇ ಅಲ್ಲ, ಕೆಲವು ನೊಣಗಳೂ ಮಿಡತೆಗೆ ಶತ್ರು.

• ಬ್ಲೀಸಾಕ್ಸಿಫಾ ಗುಂಪಿನ ನೊಣಗಳು ಮೊಟ್ಟೆಯ ಬದಲು ಮರಿಹುಳುಗಳನ್ನೇ ಹೆರುತ್ತವೆ. ಕೆಲವು ಜಾತಿಗಳು ಹಾರುತ್ತಿರುವ ಮಿಡತೆಯನ್ನೇ ಬೆನ್ನಟ್ಟಿ ಅದರ ಮೈಮೇಲೆ ಮರಿ ಬಿಡುತ್ತವೆ. ಮರಿ ತೆಳುವಾದ ಜಾಗ ಕೊರೆದು ಒಳಹೊಕ್ಕು, ಜೀವಂತ ಮಿಡತೆಯನ್ನೇ ತಿಂದು ಬೆಳೆದು, ಕೊನೆಗೆ ಹೊರಬಂದು ಮಣ್ಣಿನಲ್ಲಿ ಕೋಶವಾಗುತ್ತದೆ.

• ಜೇನುನೊಣದಂತೆ ಕಾಣುವ, ಮೈತುಂಬ ರೋಮವಿರುವ ಕೆಲವು ನೊಣಗಳ ಮರಿಗಳಿಗೆ ಮಿಡತೆ ನೆಲದೊಳಗೆ ಇಟ್ಟ ಮೊಟ್ಟೆಗಳೇ ಆಹಾರ.

• ಅಮೆರಿಕದ ಆರ್ಮಿಯಾ ಒಕ್ರೇಸಿಯಾ ನೊಣ, ಮಿಡತೆಯ ನೆಂಟನಾದ, ರಾತ್ರಿ ಹಾಡುವ ಗಂಡು ಚಿಮ್ಮಂಡೆಯನ್ನು ದನಿಯ ಜಾಡು ಹಿಡಿದೇ ಹುಡುಕಿ, ಅದರ ಮೇಲೆ ಮರಿ ಬಿಡುತ್ತದೆ. ಈ ನೊಣದ ಕಾಟಕ್ಕೆ ಹವಾಯಿಯ ಕವಾಯ್ ದ್ವೀಪದ ಗಂಡು ಚಿಮ್ಮಂಡೆಗಳಲ್ಲಿ ಹೆಚ್ಚಿನವು 20ಕ್ಕೂ ಕಡಿಮೆ ತಲೆಮಾರುಗಳಲ್ಲಿ ಮೂಕವಾದವು!

• ರೇಷ್ಮೆ ಬೆಳೆಗಾರರನ್ನು ಕಾಡುವ ಊಜಿ ನೊಣವೂ ಆರ್ಮಿಯಾದ ಟ್ಯಾಕಿನಿಡ್ ಕುಟುಂಬದ್ದೇ. ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಿತು. ರೇಷ್ಮೆ ಹುಳುವಿನ ಮೈಮೇಲೆ ಕಾಣುವ ಕಪ್ಪು ಕಲೆ, ಊಜಿ ಮರಿ ಒಳಹೊಕ್ಕ ಗುರುತು. ಹುಳು ಸಾಕುವ ಮನೆಯ ಕಿಟಕಿ, ಬಾಗಿಲುಗಳಿಗೆ ಬಲೆ ಕಟ್ಟುವುದು ಊಜಿಯನ್ನು ತಡೆಯಲೆಂದೇ.

• ಊಜಿಗೂ ಒಂದು ವೈರಿಯಿದೆ. ನೆಸೋಲಿಂಕ್ಸ್ ಥೈಮಸ್ ಎಂಬ ಪುಟಾಣಿ ಕಣಜ ಊಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಊಜಿ ಹತೋಟಿಗೆ ರೇಷ್ಮೆ ರೈತರು ಈ ಕಣಜವನ್ನೇ ಬಿಡುತ್ತಾರೆ.