ಬೆಲ್ಲ ಕರಗಿತು... ಇರುವೆ ಎಲ್ಲಿ ಹೋಯಿತು?

ನಿಮ್ಮ ಗುಂಪಿನಲ್ಲೂ ಇಂಥವನೊಬ್ಬ ಇದ್ದೇ ಇರ್ತಾನೆ. ಮೊದಲ ದಿನದ ಮೊದಲ ಆಟಕ್ಕೆ ಎಲ್ಲರಿಗಿಂತ ಮುಂಚೆ ಹಾಜರ್! ಟಿಕೆಟ್ ಕೌಂಟರ್ ಹತ್ತಿರ ಬಂತೋ, 'ಅಯ್ಯೋ, ಪರ್ಸ್ ಮರೆತೆ ಗುರೂ!' ಇಂಟರ್‌ವಲ್ ಬೋಂಡಾ ನಿಮ್ಮ ಲೆಕ್ಕ. ಆಟ ಬಿಟ್ಟ ಮೇಲೆ ಹೋಟೆಲಿನಲ್ಲಿ ಬಿಲ್ ಬರುವ ಹೊತ್ತಿಗೆ ಆಸಾಮಿ ಕೈ ತೊಳೆಯೋಕೆ ಎದ್ದಿರ್ತಾನೆ.

ನಗಬೇಡಿ ಸ್ವಾಮಿ! ಇದೇ ಆಸಾಮಿ ಒಬ್ಬ ತಾರೆಯ ಮನೆಗೆ ಹೊಕ್ಕರೆ ಬೋಂಡಾಕ್ಕೆ ನಿಲ್ಲೋದಿಲ್ಲ.

ಮುಂಬೈಯ ಭಗವಾನ್ ದಾದಾ ಕಥೆ ಕೇಳಿ. ಗಿರಣಿ ಕಾರ್ಮಿಕನ ಮಗ. 1951ರಲ್ಲಿ ತಾನೇ ನಿರ್ಮಿಸಿ, ನಿರ್ದೇಶಿಸಿ, ಗೀತಾ ಬಾಲಿ ಜೊತೆ ಕುಣಿದ 'ಅಲ್ಬೇಲಾ' ದೇಶವನ್ನೇ ಕುಣಿಸಿತು. ಜುಹೂನಲ್ಲಿ 25 ಕೋಣೆಗಳ ಬಂಗಲೆ, ವಾರದ ದಿನಕ್ಕೊಂದರಂತೆ ಏಳು ಕಾರು! ಸುತ್ತ ನೆರೆದವರಿಗೆ ಲೆಕ್ಕವೇ ಇಲ್ಲ. ಆಮೇಲೆ ಚಿತ್ರಗಳು ನೆಲ ಕಚ್ಚಿದವು. ಬಂಗಲೆ ಹೋಯಿತು, ಕಾರು ಹೋಯಿತು, ದಾದಾ ಮತ್ತೆ ದಾದರ್‌ನ ಚಾಳಿಗೆ ಬಂದರು. ಆ ಚಾಳಿನ ಮೆಟ್ಟಿಲು ಹತ್ತಿ ಬಂದ ಹಳೇ ಗೆಳೆಯರು ಬೆರಳೆಣಿಕೆ ಮಂದಿ. ಸಂಗೀತ ನಿರ್ದೇಶಕ ಸಿ. ರಾಮಚಂದ್ರ, ನಟ ಓಂ ಪ್ರಕಾಶ್, ಗೀತರಚನೆಕಾರ ರಾಜೇಂದ್ರ ಕೃಷ್ಣ. ಮಿಕ್ಕವರೆಲ್ಲ ಕೈ ತೊಳೆಯೋಕೆ ಹೋಗಿದ್ದರು! 2002ರಲ್ಲಿ ದಾದಾ ಕಣ್ಣು ಮುಚ್ಚಿದರು.

ಮಹಾನಟಿ ಸಾವಿತ್ರಿಯದು ಇನ್ನೊಂದು ಕಥೆ. ಲಾಲ್ ಬಹದ್ದೂರ್ ಶಾಸ್ತ್ರಿ ಪ್ರಧಾನಿಯಾಗಿದ್ದಾಗ ದೇಶರಕ್ಷಣೆಯ ನಿಧಿಗೆ ಮೈಮೇಲಿನ ಒಡವೆಯನ್ನೇ ಬಿಚ್ಚಿ ಕೊಟ್ಟ ಕೈ ಅದು. ಕೇಳಿದವರಿಗೆ ಇಲ್ಲ ಅಂದಿದ್ದೇ ಇಲ್ಲ. ಸ್ವಂತ ಚಿತ್ರದ ನಷ್ಟ, ತೆರಿಗೆಯ ಕಾಟ, ಕುಡಿತ, ಎಲ್ಲ ಒಟ್ಟಿಗೆ ಬಂದಾಗ ಆಕೆಯಿಂದ ಉಂಡವರು ಎಷ್ಟು ಜನ ಎದುರು ನಿಂತರು? 1980ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಜ್ಞೆ ತಪ್ಪಿದ ಆಕೆ, 19 ತಿಂಗಳು ಹಾಗೇ ಮಲಗಿ, 1981ರ ಡಿಸೆಂಬರ್ 26ರಂದು ಮದರಾಸಿನಲ್ಲಿ ಹೊರಟೇ ಹೋದರು.

ಹಾಗಂತ ಎಲ್ಲ ಪಾಪವನ್ನೂ ಬಿಟ್ಟಿ ಊಟದವರ ತಲೆಗೆ ಕಟ್ಟೋದು ನ್ಯಾಯವಲ್ಲ. ಸೋತ ಚಿತ್ರ, ತಪ್ಪಿದ ಲೆಕ್ಕ, ಎಲ್ಲಕ್ಕೂ ಪಾಲಿದೆ. ಆದರೆ ಒಂದು ಮಾತು. ಬಾಲಬಡುಕ ಬಿಟ್ಟಿಯಾಗಿ ತಿನ್ನೋದಿಲ್ಲ, ಹೊಗಳಿಕೆ ಕೊಟ್ಟು ತಿಂತಾನೆ. 'ಅಣ್ಣಾ, ಈ ಚಿತ್ರ ನೂರು ದಿನ ಗ್ಯಾರಂಟಿ!' ಅನ್ನೋದೇ ಅವನು ಕಟ್ಟುವ ಬಿಲ್ಲು. 'ಕಥೆ ಚೆನ್ನಾಗಿಲ್ಲ, ಸಾಲ ಬೇಡ' ಅನ್ನಬಲ್ಲ ಗೆಳೆಯನಿಗೆ ಆ ಮನೆಯಲ್ಲಿ ಕುರ್ಚಿಯೇ ಸಿಗೋದಿಲ್ಲ. ದುಡ್ಡು ಹೋದರೆ ಇನ್ನೊಂದು ಚಿತ್ರದಲ್ಲಿ ಬಂದೀತು. ನಿಜ ಹೇಳುವವನು ಹೋದರೆ?

ಕಷ್ಟದಲ್ಲಿದ್ದವನಿಗೆ ಲೆಕ್ಕ ಇಡದೆ ಕೊಡಿ. ಅವನು ಕೇಳುವಾಗ ತಲೆ ತಗ್ಗಿಸ್ತಾನೆ, ಕೊಟ್ಟಿದ್ದನ್ನು ಮರೆಯೋದಿಲ್ಲ. ಚಟಕ್ಕೆ ಕೇಳುವವನು ನಗ್ತಾ ಕೇಳ್ತಾನೆ, ನಾಳೆ ಮತ್ತೆ ಬರ್ತಾನೆ.

ಬರುವ ಶುಕ್ರವಾರ ಒಂದು ಕೆಲಸ ಮಾಡಿ. ಕೌಂಟರ್ ಮುಂದೆ 'ಇವತ್ತು ನಿನ್ನ ಲೆಕ್ಕ ಗುರೂ' ಅನ್ನಿ. ಕೈಯಲ್ಲಿ ಕಾಸಿಲ್ಲದಿದ್ದರೂ ನಿಮ್ಮ ಜೊತೆ ನಡೆದೇ ಮನೆಗೆ ಬಂದನೋ, ಅವನು ಚಾಳಿನ ಮೆಟ್ಟಿಲು ಹತ್ತುವ ಗೆಳೆಯ. ಬಿಡಬೇಡಿ!

ಹ್ಞಾಂ, ಇನ್ನೊಂದು. ಬಿಲ್ ಬಂದಾಗ ಕೈ ತೊಳೆಯೋಕೆ ಎದ್ದವರು ನೀವೇ ಆಗಿದ್ದರೆ? ಕೂತ್ಕೊಳ್ಳಿ ಸ್ವಾಮಿ, ಈ ಸಲ ಜೇಬಿಗೆ ಕೈ ಹಾಕಿ!