ಬುಟ್ಟಿ ಹೊತ್ತವನಿಗೆ ಕಾಣುವ ದೇಶ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಸಾಕು, ಬಸ್ ಸ್ಟ್ಯಾಂಡಿನ ಗೋಡೆ ತುಂಬ ಟೂರ್ ಪೋಸ್ಟರುಗಳು. ಕಾಶಿ, ಗಯಾ, ಹರಿದ್ವಾರ, ದಿಲ್ಲಿ, ಆಗ್ರಾ. ಕೆಳಗೆ ದಪ್ಪಕ್ಷರದಲ್ಲಿ ‘ಅಡುಗೆಯವರು ನಮ್ಮವರೇ, ಊಟ ನಮ್ಮ ಕಡೆಯದೇ!’ ಅಲ್ರೀ, ಅಷ್ಟು ದೂರ ಹೋಗಿ ಅದೇ ಸಾರು ಅನ್ನ ಉಂಡು, ಅದೇ ಪಕ್ಕದ ಬೀದಿಯವರ ಜೊತೆ ಕನ್ನಡದಲ್ಲೇ ಕಿಟಕಿ ಸೀಟಿಗೆ ಜಗಳ ಆಡಿ ವಾಪಸ್ ಬಂದರೆ ನೋಡಿದ್ದೇನು? ದೇವರನ್ನು ನೋಡಿದಿರಿ, ಸರಿ. ಅಲ್ಲಿಯ ಜನರನ್ನು? ವಯಸ್ಸಾದವರಿಗೆ ಈ ಏರ್ಪಾಡು ಅನುಕೂಲ, ಅವರ ಮಾತು ಬೇರೆ. ಇಪ್ಪತ್ತರ ಹುಡುಗರೂ ಹೀಗೇ ಹೋಗಿ ಬರಬೇಕೆ?

ಬೇರೆ ದಾರಿ ತೋರಿಸಿದವರು ನಮ್ಮವರೇ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್. 1942ರಲ್ಲಿ, ಹದಿಮೂರರ ಹುಡುಗ, ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಎಂದು ಬರೆದು ಪೊಲೀಸರ ಕೈಗೆ ಸಿಕ್ಕಿಬಿದ್ದವರು. ಆಮೇಲೆ ಸೇವಾದಳ, ಅದರ ಹಿಂದೆ ಇಡೀ ದೇಶ. ಉತ್ತರದಲ್ಲಿ ಅವರಿಗೆ ‘ಭಾಯೀಜಿ’ ಎಂದೇ ಹೆಸರು. ಖಾಕಿ ಚಡ್ಡಿ, ಬಿಳಿ ಖಾದಿ ಅಂಗಿ. ಮುದುಕರಾದ ಮೇಲೂ ಅದೇ ವೇಷ. ತಮಾಷೆ ನೋಡಿ, ಚಂಬಲ್ ಕಣಿವೆಯ ಹಳ್ಳಿಗರಿಗೆ ಗೊತ್ತಿದ್ದಷ್ಟು ಈ ಮನುಷ್ಯ ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರ ಶಿಬಿರದ ಲೆಕ್ಕ ಬಹಳ ಸರಳ. ಬೇರೆ ಬೇರೆ ರಾಜ್ಯದ ಹುಡುಗ ಹುಡುಗಿಯರು ರೈಲು ಹತ್ತಿ ಒಂದು ಊರಿಗೆ ಬರಬೇಕು. ಬೆಳಗ್ಗೆ ವ್ಯಾಯಾಮ, ಆಮೇಲೆ ಗುದ್ದಲಿ, ಬುಟ್ಟಿ. ಸಂಜೆ ಸರ್ವಧರ್ಮ ಪ್ರಾರ್ಥನೆ, ಹಾಡು. ಮಣಿಪುರದವನು ಅಗೆದ ಮಣ್ಣನ್ನು ತಮಿಳುನಾಡಿನವನು ಹೊರಬೇಕು. ‘ಬುಟ್ಟಿ ಹಿಡಿ’ ಅನ್ನೋಕೆ ವ್ಯಾಕರಣ ಬೇಕಾ? ಮೊದಲ ದಿನ ಕೈಸನ್ನೆ, ಮೂರನೇ ದಿನಕ್ಕೆ ಅರ್ಧಂಬರ್ಧ ಹಿಂದಿ. ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ ಎನ್ನುವುದು ಅಲ್ಲಿಯ ಘೋಷಣೆ. ಮಕ್ಕಳ ಶಿಬಿರವಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಹೊರಗಿಂದ ಬಂದ ಮಗು ಆ ಊರಿನ ಒಂದು ಮನೆಯಲ್ಲಿ ಇರಬೇಕು. ಆ ಮನೆಯವರ ಭಾಷೆ ಬೇರೆ, ಜಾತಿ ಬೇರೆ, ಎಷ್ಟೋ ಸಲ ಧರ್ಮವೂ ಬೇರೆ. ಅವರ ತಟ್ಟೆಯಲ್ಲಿ ಬಡಿಸಿದ್ದನ್ನು ಉಣ್ಣಬೇಕು. ನಮ್ಮಲ್ಲಿ ಮಗಳನ್ನು ಪಕ್ಕದ ತಾಲ್ಲೂಕಿನ ನೆಂಟರ ಮನೆಗೆ ಕಳಿಸೋಕೂ ನಾಲ್ಕು ಸಲ ಯೋಚನೆ ಮಾಡ್ತಾರೆ!

ಇದೆಲ್ಲ ಹಾಡು ಹೇಳಿಕೊಂಡು ಕಾಲ ಕಳೆಯುವ ಕೆಲಸ ಎಂದು ಮೂಗು ಮುರಿಯುವವರು ಜೌರಾ ಎಂಬ ಊರಿನ ಕಥೆ ಕೇಳಬೇಕು. ಮಧ್ಯಪ್ರದೇಶದ ಮುರೈನಾ ಜಿಲ್ಲೆ, ಚಂಬಲ್ ಸೀಮೆ. ಮಳೆನೀರು ಕೊರೆದ ಮಣ್ಣಿನ ಕಂದರಗಳು, ಅದರೊಳಗೆ ಬಂದೂಕು ಹಿಡಿದ ಡಕಾಯಿತರು. ಪೊಲೀಸರೇ ಹಿಂದೆ ಮುಂದೆ ನೋಡುತ್ತಿದ್ದ ಜಾಗ. ಅಲ್ಲಿಗೆ ಸುಬ್ಬರಾವ್ ಗುದ್ದಲಿ ಹಿಡಿದ ಹುಡುಗರನ್ನು ಕರೆದುಕೊಂಡು ಹೋದರು. 1970ರಲ್ಲಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್ 14ರಂದು ಅದೇ ಜೌರಾದಲ್ಲಿ, ಜಯಪ್ರಕಾಶ ನಾರಾಯಣರ ಎದುರು, ಗಾಂಧಿ ಪಟದ ಮುಂದೆ ಡಕಾಯಿತರು ಬಂದೂಕು ಇಟ್ಟು ಶರಣಾದರು. ಮೋಹರ್ ಸಿಂಗ್, ಮಾಧೋ ಸಿಂಗ್‌ರಂಥ ಹೆಸರು ಕೇಳಿದರೆ ನಡುಗುವಂಥವರೇ ಬಂದರು. ಅದಕ್ಕೆ ಜೆ.ಪಿ. ಹೆಸರು ಬೇಕಿತ್ತು, ಸರ್ಕಾರದ ಮಾತುಕತೆ ಬೇಕಿತ್ತು, ನಿಜ. ಆದರೆ ಆ ಹಳ್ಳಿಗಳ ನಂಬಿಕೆ ಗಳಿಸಿದ್ದು ಭಾಷಣವಲ್ಲ, ಬೆವರು.

ಬಾಬ್ರಿ ಮಸೀದಿ ಬಿದ್ದು ಊರೂರೇ ಹೊತ್ತಿ ಉರಿದ ಮೇಲೆ, 1993ರಲ್ಲಿ, ಇದೇ ಮನುಷ್ಯ ಯುವಕರನ್ನು ಸದ್ಭಾವನಾ ರೈಲಿಗೆ ಹತ್ತಿಸಿದರು. ಜೊತೆಯಲ್ಲಿ ಸೈಕಲ್ಲುಗಳು. ಸ್ಟೇಷನ್ನಿನಲ್ಲಿ ಇಳಿಯುವುದು, ಸೈಕಲ್ ಹತ್ತಿ ಊರೊಳಗೆ ಹೋಗುವುದು.

ಹತ್ತು ದಿನ ಹುಡುಗರು ಅಗೆಯುವ ಮಣ್ಣನ್ನು ಜೆಸಿಬಿ ಅರ್ಧ ದಿನದಲ್ಲಿ ಅಗೆದು ಹಾಕುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹೌದು ಸ್ವಾಮಿ, ಹಾಕುತ್ತದೆ. ಆದರೆ ಜೆಸಿಬಿಗೆ ಯಾರೂ ರೊಟ್ಟಿ ಕೊಟ್ಟು ‘ಮಗಾ, ನಿನ್ನ ಊರು ಯಾವುದು?’ ಅಂತ ಕೇಳುವುದಿಲ್ಲ. ಈಗ ಇದಕ್ಕೂ ವ್ಯಾಪಾರ ಅಂಟಿದೆ. ಸಾವಿರಗಟ್ಟಲೆ ದುಡ್ಡು ಇಸಿದುಕೊಂಡು ಒಂದು ವಾರ ‘ಸೇವೆ’ ಮಾಡಿಸಿ, ಬಡ ಮಕ್ಕಳ ಪಕ್ಕ ನಿಲ್ಲಿಸಿ ಫೋಟೋ ತೆಗೆಸುವ ಏಜೆನ್ಸಿಗಳಿವೆ. ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು, ಸರ್ಟಿಫಿಕೇಟಿಗೆ ಕೈ ಚಾಚುವವರು ನಮ್ಮ ಕಾಲೇಜುಗಳಲ್ಲೂ ಕಮ್ಮಿ ಇಲ್ಲ.

ಸುಬ್ಬರಾವ್ 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನಲ್ಲಲ್ಲ, ಜೌರಾದ ಆಶ್ರಮದಲ್ಲಿ.

ಹೋಗಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. 1969ರಲ್ಲಿ ಶುರುವಾದ ಎನ್.ಎಸ್.ಎಸ್. ನಮ್ಮ ಕಾಲೇಜುಗಳಲ್ಲೇ ಇದೆ. ಬೇರೆ ರಾಜ್ಯದವರ ಜೊತೆ ಏಳು ದಿನ ಇರುವ ರಾಷ್ಟ್ರೀಯ ಭಾವೈಕ್ಯ ಶಿಬಿರಗಳನ್ನು ಅದು ನಡೆಸುತ್ತದೆ. ಕಾಲೇಜಿನ ಎನ್.ಎಸ್.ಎಸ್. ಅಧಿಕಾರಿಯನ್ನು ಕೇಳಿದರೆ ಗೊತ್ತಾಗುತ್ತೆ. ಆದರೆ ಅಂಗಡಿ ಬೀದಿಯಲ್ಲಿ ಸಿಗುವ ಉತ್ತರ ಒಂದೇ: ‘ಹುಡುಗ ಹೋದ್ರೆ ಗಲ್ಲಾ ಮೇಲೆ ಯಾರು ಕೂತ್ಕೋತಾರೆ?’ ಮಗ ಹುಟ್ಟೋ ಮುಂಚೆ ಯಾರು ಕೂತಿದ್ದರೋ ಅವರೇ ಒಂದು ವಾರ ಕೂರಬಹುದಲ್ಲ, ಶೆಟ್ಟರೇ.