ಮುಂದ ಏನಾತು, ಅಕ್ಕೋರೆ?

ಮೂರನೇ ಇಯತ್ತೆ ದಾಟಿದ ಮಕ್ಕಳಿಗೆ ಚಿತ್ರದ ಪುಸ್ತಕ ಸಾಲುವುದಿಲ್ಲ, ದೊಡ್ಡವರ ಕಾದಂಬರಿ ಹತ್ತುವುದಿಲ್ಲ. ಆಗ ಬೇಕಾದದ್ದು ಅಧ್ಯಾಯ ಅಧ್ಯಾಯವಾಗಿ ಸಾಗುವ ಕತೆ. ಗುತ್ತಲದ ಸಾಲಿಯಲ್ಲಿ ಅಕ್ಕೋರಾಗಿದ್ದ ನನ್ನನ್ನು ಪಾಲಕರು ಈಗಲೂ ಕೇಳುವುದುಂಟು: ‘ನೀತಿ ಇರೋ ಪುಸ್ತಕ ಒಂದು ಹೇಳ್ರೀ.’ ನೀತಿ ನೋಡಿ ತಂದ ಪುಸ್ತಕ ಕಪಾಟಿನಲ್ಲೇ ಉಳಿದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ನಾನು ಮೊದಲು ತೆಗೆದು ನೋಡುವುದು ಅಧ್ಯಾಯದ ಕೊನೆಯ ಸಾಲು. ಅಲ್ಲಿಗೆ ಬಂದ ಹುಡುಗ ‘ಮುಂದ ಏನಾತು?’ ಅನ್ನಬೇಕು.

ಈ ಗುಟ್ಟು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲೇ ಹತ್ತಿರದ ಹಾವನೂರಿನಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ‘ಗಳಗನಾಥ’ರಾಗಿ ಕಾದಂಬರಿ ಬರೆದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಓದುವ ರೂಢಿಯೇ ಇಲ್ಲದ ಜನ ಕೊಂಡದ್ದು ಕತೆಯ ಸೆಳೆತಕ್ಕಲ್ಲದೆ ಇನ್ನೇತಕ್ಕೆ? ಅವರೂ ಸಾಲಿ ಮಾಸ್ತರರೇ ಎಂಬುದು ನನಗೊಂದು ಸಣ್ಣ ಜಂಬ. ಆದರೆ ಅವರ ಕನ್ನಡ ಇಂದಿನ ನಾಲ್ಕನೇ ಇಯತ್ತೆಗೆ ಭಾರ.

ಭಾರ ಎಷ್ಟೆಂದು ತಿಳಿಯಲು ಒಂದು ಪುಟ ಗಟ್ಟಿಯಾಗಿ ಓದಿಸಿ. ತಡವರಿಸಿದಾಗೊಮ್ಮೆ ಬೆರಳು ಮಡಿಸಿ. ಐದೂ ಮಡಿಸಿದರೆ ಆ ಪುಸ್ತಕ ಮುಂದಿನ ವರ್ಷಕ್ಕಿರಲಿ. ಕನ್ನಡದಲ್ಲಿ ಎಡವಿಸುವುದು ಅರ್ಥಕ್ಕಿಂತ ಹೆಚ್ಚಾಗಿ ಒತ್ತಕ್ಷರ, ಉದ್ದುದ್ದ ಸಮಾಸ. ಮನೆಯಲ್ಲಿ ‘ಹೊಂಟೇನಿ’ ಅನ್ನುವ ಕೂಸಿಗೆ ‘ಹೊರಟಿದ್ದೇನೆ’ ಎನ್ನುವುದೇ ಅರ್ಧ ಹೊಸ ಭಾಷೆ. ಅದಕ್ಕೇ ಮಾತುಕತೆ ಹೆಚ್ಚಿರುವ ಪುಸ್ತಕ ಆರಿಸುತ್ತೇನೆ. ಅಕ್ಷರ ದಪ್ಪಗಿರಲಿ, ಸಾಲುಗಳ ನಡುವೆ ಜಾಗವಿರಲಿ.

ಮೊದಲಿಗೆ ಯಾವುದು ಅಂದರೆ ನನ್ನ ಉತ್ತರ ‘ತೊತ್ತೊಚಾನ್’. ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯದ ಶಾಲೆಯ ಬಗ್ಗೆ ಬರೆದ ಈ ಪುಸ್ತಕ ಅಲ್ಲಿ ಅಚ್ಚಾದದ್ದು 1981ರಲ್ಲಿ. ಕನ್ನಡಕ್ಕೆ ತಂದವರು ವಿ. ಗಾಯತ್ರಿ. ಅಧ್ಯಾಯಗಳು ಪುಟ್ಟವು, ಒಂದೊಂದೂ ಒಂದು ಇಡೀ ಕತೆ. ಹಳೆಯ ರೈಲು ಡಬ್ಬಿಗಳೇ ತರಗತಿ. ಹೆಡ್‌ಮಾಸ್ತರರು ಮೊದಲ ದಿನವೇ ಪುಟ್ಟ ತೆತ್ಸುಕೊಳ ಹರಟೆಯನ್ನು ನಾಲ್ಕು ತಾಸು ಕೂತು ಕೇಳುತ್ತಾರೆ! ರೈಲೇ ಬಾರದ ನಮ್ಮೂರ ಮಕ್ಕಳು ಇದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು.

ಆಮೇಲೆ ನಮ್ಮವೇ ಇವೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021, 2022, 2023ರಲ್ಲಿ ಸಾಲಾಗಿ ಮಕ್ಕಳ ಕಾದಂಬರಿಗಳಿಗೇ ಬಂತು: ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಪ್ರಶಸ್ತಿ ಬಂದಿದೆಯೆಂದು ಕೊಡಬೇಡಿ. ಮೂರನ್ನೂ ಮುಂದಿಟ್ಟು ಮಗುವೇ ಎತ್ತಿಕೊಳ್ಳಲಿ. ಅರ್ಧಕ್ಕೆ ಬಿಟ್ಟರೂ ಬೈಯಬೇಡಿ.

ಕೊಳ್ಳಲೇಬೇಕೆಂದೂ ಇಲ್ಲ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಪುಕ್ಕಟೆ. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು, ತರಿಸಿರೆಂದು ಕೇಳಿ. ಒಂದೆರಡು ಸಲ ಕೇಳಬೇಕಾದೀತು.